ಮುಧೋಳದಲ್ಲಿ ತಂದ ನಾಯಿಗೆ ‘ಕ್ಯಾರವಾನ್ ಹೌಂಡ್’ ಅಂತ ಕಾಗದ ಯಾಕೆ?

ಬಾಣನ ಮಾಲೀಕ:

ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಾನಿರುವುದು ಹುಬ್ಬಳ್ಳಿಯಲ್ಲಿ. ಎರಡು ವರ್ಷದ ಹಿಂದೆ ಮುಧೋಳದ ಹತ್ತಿರದ ಒಂದು ಹಳ್ಳಿಯಿಂದ ಗಂಡು ಮರಿ ತಂದೆ. ಕೊಟ್ಟವರು ಒಬ್ಬ ಅಜ್ಜಿ. ಅವರ ಮನೆಯಲ್ಲಿ ತಲೆತಲಾಂತರದಿಂದ ಈ ನಾಯಿ ಸಾಕುತ್ತಾರಂತೆ. ಮರಿಯ ಹೆಸರು ಬಾಣ. ಈಗ ಭುಜದ ಹತ್ತಿರ ಅಳೆದರೆ 70 ಸೆಂಟಿಮೀಟರ್ ಇದ್ದಾನೆ. ಎದೆ ಆಳ, ಹೊಟ್ಟೆ ಬೆನ್ನಿಗೆ ಅಂಟಿದ ಹಾಗೆ. ದಾರಿಯಲ್ಲಿ ಹೋಗುವವರು “ಊಟ ಹಾಕಲ್ವಾ?” ಅಂತ ಕೇಳುವುದು ದಿನಾ ಇದ್ದದ್ದೇ.

ಹೋದ ತಿಂಗಳು ಒಂದು ಶ್ವಾನ ಪ್ರದರ್ಶನಕ್ಕೆ ಹೆಸರು ಕೊಡಲು ಹೋಗಿದ್ದೆ. ಅರ್ಜಿಯಲ್ಲಿ ತಳಿಗಳ ಪಟ್ಟಿ ಇತ್ತು, ಅದರಲ್ಲಿ ಮುಧೋಳ ಇರಲಿಲ್ಲ. ಕೇಳಿದರೆ “ಕ್ಯಾರವಾನ್ ಹೌಂಡ್ ಅಂತ ಬರೀರಿ, ಅದೇ ಇದು” ಅಂದರು. ಅಲ್ಲೇ ನಿಂತಿದ್ದ ಇನ್ನೊಬ್ಬರ ನಾಯಿ ನೋಡಿದರೆ ಬಾಣನ ಅಣ್ಣನ ಹಾಗಿದೆ. ಅವರ ಹತ್ತಿರ ಬೇರೆ ಕ್ಲಬ್ಬಿನ ಕಾಗದ ಇತ್ತು. ಅದರಲ್ಲಿ ‘ಮುಧೋಳ ಹೌಂಡ್’ ಅಂತಲೇ ಇದೆ! ಕಡೆಗೆ ನಾನು ಹೆಸರು ಕೊಡದೆ ವಾಪಸ್ ಬಂದೆ. ಸ್ವಲ್ಪ ಹಟ ಅಂತಲೇ ಇಟ್ಟುಕೊಳ್ಳಿ.

ಕೇಳಬೇಕಾದ್ದು ಮೂರು. ಒಂದೇ ನಾಯಿಗೆ ಎರಡು ಹೆಸರು ಯಾಕೆ? ಮುಧೋಳದಲ್ಲೇ ಈ ತಳಿಯದ್ದು ಅಂತ ಒಂದು ಸಂಘ ಯಾವತ್ತೂ ಇರಲಿಲ್ವಾ? ಬಾಣನಿಗೆ ಕಾಗದ ಮಾಡಿಸಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಬೆಂಗಳೂರು ಬೌಬೌ:

ಮೊದಲನೆಯದಕ್ಕೆ ಉತ್ತರ ಸುಲಭ. ಚೆನ್ನೈನಲ್ಲಿ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಅನ್ನುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಅನ್ನುತ್ತದೆ. ನಾಯಿಗಳ ವಂಶ ಬರೆದಿಡುವ ಕ್ಲಬ್ ಎರಡು, ಪುಸ್ತಕ ಎರಡು, ಹೆಸರೂ ಎರಡು. ನಿಮ್ಮ ನಾಯಿಗೆ ಇದರಿಂದ ಏನೂ ಆಗಲ್ಲ, ಸುಮ್ನೆ ಹೆಸರು ಕೊಟ್ಟು ಬರಬೇಕಿತ್ತು. ಎರಡನೆಯದಕ್ಕೆ ಆ ಕಡೆಯವರೇ ಯಾರಾದರೂ ಹೇಳಬೇಕು. ಮಾಸ್ತರ್ರು ಇದ್ದಾರಾ?

ಘಟಪ್ರಭಾ ಮಾಸ್ತರ್:

ಇದ್ದೇನೆ. ಸಂಜೆ ಕರೆಂಟ್ ಇರಲಿಲ್ಲ.

ತಮ್ಮಾ, ಹಟ ಮಾಡಿ ವಾಪಸ್ ಬಂದೆ ಅಂದೆಯಲ್ಲ, ಓದಿ ನನಗೆ ನಗು ಬಂತು. ನಮ್ಮ ಕಡೆ ನೀರೇ ಹಾಗೆ. ನಾನು ಮುಧೋಳ ತಾಲ್ಲೂಕಿನವನು. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಈ ಕಥೆಯಲ್ಲಿ ಬರುವವರು ನಾಳೆ ಬೆಳಿಗ್ಗೆ ಚಹಾಕ್ಕೆ ಬಂದು ಕೂರುತ್ತಾರೆ.

ಮೊದಲು ಹೆಸರಿನ ವಿಷಯ. ಮುಧೋಳ ಅಂದರೆ ಓದಿದವರಿಗೆ ರನ್ನ ನೆನಪಾಗುತ್ತಾನೆ, ಉಳಿದವರಿಗೆ ನಾಯಿ. ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಬೇಡರ ಜೊತೆ ಬೇಟೆಗೆ ಹೋಗುತ್ತಿದ್ದ ನಾಯಿಗಳನ್ನು ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಗಮನಿಸಿ, ಅರಮನೆಯಲ್ಲಿ ಸಾಕಿ, ಒಳ್ಳೆಯದಕ್ಕೆ ಒಳ್ಳೆಯದನ್ನೇ ಕೂಡಿಸಿ ಬೆಳೆಸಿದರು. ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟರು. ಕೊಟ್ಟ ಊರಿನ ಹೆಸರೇ ನಾಯಿಗೂ ಅಂಟಿತು. ಆದರೆ ಈ ನಾಯಿ ಅರಮನೆಯಲ್ಲಿ ಹುಟ್ಟಿದ್ದಲ್ಲ, ಇದನ್ನು ಮರೆಯಬೇಡ. ಅದಕ್ಕೂ ಮುಂಚೆ ದಖ್ಖನ್ನಿನ ತುಂಬ ಇಂಥ ನಾಯಿ ಇದ್ದವು. ಹೊರಗಿನಿಂದ ಸರಕಿನ ತಂಡಗಳ ಜೊತೆ ಬಂದವು ಅನ್ನುವ ಮಾತಿದೆ. ಅದಕ್ಕೇ ಮಹಾರಾಷ್ಟ್ರದ ಕಡೆ ಕರ್ವಾನಿ ಅನ್ನುತ್ತಾರೆ, ಕ್ಯಾರವಾನ್ ಬಂದದ್ದು ಅದರಿಂದ. ಕಿವಿಗೆ, ಬಾಲಕ್ಕೆ ಉದ್ದ ಕೂದಲು ಇದ್ದರೆ ಪಶ್ಮಿ. ಪಶ್ಮೀನಾ ಶಾಲು ಅನ್ನುತ್ತಾರಲ್ಲ, ಅದೇ ಪಶ್ಮಿ, ಉಣ್ಣೆ ಅಂತ ಅರ್ಥ.

ಹಾಗಾಗಿ ಎರಡು ಹೆಸರಲ್ಲಿ ಯಾವುದೂ ಸುಳ್ಳಲ್ಲ. ಒಂದು ನಾಯಿ ಬಂದ ದಾರಿ ಹೇಳುತ್ತದೆ, ಇನ್ನೊಂದು ಅದು ನಿಂತ ಊರು ಹೇಳುತ್ತದೆ. ನನ್ನ ಮನಸ್ಸು ಊರಿನ ಕಡೆಗೇ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ನಾಯಿಗಳ ಅಂಚೆಚೀಟಿ ತಂದಿತು. ಹಿಮಾಲಯದ ಕುರಿ ಕಾಯುವ ನಾಯಿ, ರಾಂಪುರ, ರಾಜಪಾಳಯಂ, ಮತ್ತೆ ನಮ್ಮದು. ಚೀಟಿ ಮೇಲೆ ‘ಮುಧೋಳ ಹೌಂಡ್’ ಅಂತಲೇ ಇತ್ತು. ಒಂದು ಹಾಳೆ ತರಿಸಿ ಇಟ್ಟುಕೊಂಡೆ, ಒಂದನ್ನೂ ಹಚ್ಚಲಿಲ್ಲ.

ಈಗ ಸಂಘದ ಕಥೆ. ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ನಮ್ಮಪ್ಪನ ಕಾಲದಲ್ಲಿ ಮೊಲ ಹಿಡಿಯುವ ನಾಯಿ ಅಂದರೆ ಮನೆಗೊಬ್ಬ ದುಡಿಯುವವ ಇದ್ದ ಹಾಗೆ. ಬೇಸಿಗೆಯಲ್ಲಿ ಎರೆ ಹೊಲ ಬಟಾಬಯಲು. ಈ ನಾಯಿ ಮೂಗಿನಿಂದ ಬೇಟೆ ಆಡುವುದಲ್ಲ, ಕಣ್ಣಿನಿಂದ. ದೂರದಲ್ಲಿ ಅಲುಗಾಡಿದ್ದು ಕಂಡರೆ ಸಾಕು, ಬಿಟ್ಟ ಬಾಣ. (ನಿನ್ನ ನಾಯಿಗೆ ಹೆಸರು ಸರಿ ಇಟ್ಟಿದ್ದೀಯ.) 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಕಾಯ್ದೆ ತಪ್ಪು ಅನ್ನುತ್ತಿಲ್ಲ, ಆದರೆ ನಾಯಿಯ ಕೆಲಸ ಹೋಯಿತು. ಆಮೇಲೆ ನೀರಾವರಿ ಬಂತು, ಜೋಳದ ಹೊಲಗಳಿಗೆ ಕಬ್ಬು ಬಂತು. ಆಳುದ್ದದ ಕಬ್ಬಿನೊಳಗೆ ಕಣ್ಣನ್ನು ನಂಬಿದ ನಾಯಿ ಏನು ಮಾಡೀತು? ಕಟ್ಟಿ ಹಾಕಿದರು. ಕೆಲವರು ಮಾರಿದರು. ಕೆಲವರು ಮರಿಗಳನ್ನು ಸಂತೆಯಲ್ಲೇ ಬಿಟ್ಟು ಬಂದರು.

ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಆಗ ಎಲ್ಲರಿಗೂ ಹೊಸ ಹುರುಪು. ನಮ್ಮದೂ ಒಂದು ಇರಲಿ ಅಂತ ಹದಿನಾಲ್ಕು ಮಂದಿ ಬೇವಿನ ಕಟ್ಟೆಯ ಮೇಲೆ ಕೂಡಿ ನಾಯಿ ಸಾಕುವವರ ಸಂಘ ಕಟ್ಟಿದೆವು. ತಲೆಗೆ ಐವತ್ತು ರೂಪಾಯಿ ಪಟ್ಟಿ. ಆ ದುಡ್ಡಿನಲ್ಲಿ ಮೊದಲು ಕೊಂಡದ್ದು ರಬ್ಬರ್ ಸ್ಟಾಂಪು ಮತ್ತು ರಸೀದಿ ಪುಸ್ತಕ. ಲಸಿಕೆಗೆ ಅಂತ ದುಡ್ಡು ಉಳಿಯಲಿಲ್ಲ. ಅಧ್ಯಕ್ಷರಾಗಲು ಐದು ಜನ ತಯಾರಿದ್ದರು. ಬರೆಯುವ ಕೆಲಸಕ್ಕೆ ಯಾರೂ ಇಲ್ಲ, ಅದು ಮಾಸ್ತರನ ಕೊರಳಿಗೆ ಬಿತ್ತು.

ನನಗೆ ಗೊತ್ತಿದ್ದ ಪುಸ್ತಕ ಒಂದೇ, ಶಾಲೆಯ ಹಾಜರಿ ಪುಸ್ತಕ. ಹಳೆಯದೊಂದರಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲೇ ಗೆರೆ ಎಳೆದೆ. ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಬಣ್ಣ, ಯಾರ ಮನೆ. ಮೋತಿ, ರಾಣಿ, ಕಾಳಿ, ಇನ್ನೊಬ್ಬ ಮೋತಿ. ಮೊದಲ ವರ್ಷ 37 ನಾಯಿ ಬರೆದೆ. ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ, ದರ್ಜಿಯ ಟೇಪಿನಿಂದ ಎತ್ತರ ಅಳೆದು ಬರೆದದ್ದು. ಈ ಜಾತಿಗೆ ಪರರು ಮೈ ಮುಟ್ಟುವುದು ಸೇರುವುದಿಲ್ಲ, ನಿನಗೆ ಗೊತ್ತಲ್ಲ. ಎಡಗೈಯಲ್ಲಿ ಇನ್ನೂ ಎರಡು ಗುರುತು ಇವೆ.

ತಾಯಿಯ ಕಾಲಂ ತುಂಬುವುದು ಕಷ್ಟವಿರಲಿಲ್ಲ. ಮರಿ ಹಾಕಿದ್ದು ಓಣಿಗೆಲ್ಲ ಗೊತ್ತಿರುತ್ತದೆ. ಜಗಳ ಬಂದದ್ದು ತಂದೆಯ ಕಾಲಂನಲ್ಲಿ. ಆಗ ಹಳ್ಳಿಗಳಲ್ಲಿ ಓಟದ ಪಂದ್ಯದ ಹುಚ್ಚು ಜೋರಾಗಿತ್ತು. ಗೆದ್ದ ನಾಯಿಗೆ ಗುಲಾಲು, ಮಾಲೀಕನಿಗೆ ಪೇಟ. ನಮ್ಮಲ್ಲೇ ಒಬ್ಬರು ಎಲ್ಲಿಂದಲೋ ಗ್ರೇಹೌಂಡ್ ಅನ್ನುವ ವಿದೇಶಿ ಓಟದ ತಳಿಯ ಗಂಡು ತಂದು ಕೂಡಿಸಿದರು. ಮರಿಗಳು ಓಡಿದವು, ಸುಳ್ಳು ಯಾಕೆ ಹೇಳಲಿ. ಆದರೆ ಬಯಲಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲುವ ಕಸುವು ಅವಕ್ಕೆ ಇರಲಿಲ್ಲ. ಒಂದು ಗೆಲುವಿಗೆ ನಾಲ್ಕು ದಿನ ಮಲಗುತ್ತಿದ್ದವು. ಅವನ್ನು ಪುಸ್ತಕದಲ್ಲಿ ಬರೆಯಬೇಕೋ ಬೇಡವೋ? ಆ ಒಂದು ಮಾತಿಗೆ ಮೂರು ಸಭೆ ಮುರಿದವು.

ಕೊನೆಗೆ ಒಂದು ದಿನ ಸಂಘದ ಹಿರಿಯರೊಬ್ಬರು ಮನೆಗೆ ಬಂದರು. ಕೈಯಲ್ಲಿ ಬೆಲ್ಲದ ಪೆಂಟೆ ಇತ್ತು. “ಮಾಸ್ತರ್ರೇ, ಆ ಸೂಲಿನ ಮರಿಗಳಿಗೆ ತಂದೆ ರಾಜಾ ಅಂತ ಬರೀರಿ, ನಮ್ಮ ರಾಜಾ. ಊರ ಮರ್ಯಾದೆ” ಅಂದರು. ರಾಜಾ ಆ ತಿಂಗಳೆಲ್ಲ ಕಾಲು ಮುರಿದುಕೊಂಡು ಕಟ್ಟಿದಲ್ಲೇ ಮಲಗಿದ್ದ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಬರೆದೆ. ಐದು ಮರಿಗಳ ಮುಂದೆ ಐದು ಸಲ ‘ರಾಜಾ’ ಅಂತ ಬರೆದು ಸ್ಟಾಂಪು ಒತ್ತಿದೆ.

ಒಂದೇ ವಾರದಲ್ಲಿ ಎಲ್ಲರಿಗೂ ತಿಳಿಯಿತು. ಹಳ್ಳಿ ಅಲ್ವಾ. ಆಮೇಲೆ ಆ ಪುಸ್ತಕದ ಒಂದು ಸಾಲನ್ನೂ ಯಾರೂ ನಂಬಲಿಲ್ಲ. ನಿಜವಾಗಿ ಬರೆದ 37 ನಾಯಿಯನ್ನೂ ನಂಬಲಿಲ್ಲ. ಸಂಘ ಮುಚ್ಚಲು ಸಭೆಯನ್ನೂ ಕರೆಯಲಿಲ್ಲ, ಜನ ಬರುವುದು ನಿಂತಿತು, ಅಷ್ಟೇ. ರಬ್ಬರ್ ಸ್ಟಾಂಪು ನನ್ನ ಮೊಮ್ಮಗಳು ಆಟಕ್ಕೆ ತೆಗೆದುಕೊಂಡಳು.

ನಿವೃತ್ತಿ ಆದ ಮೇಲೆ ನನಗೆ ಇದನ್ನೇ ಓದುವ ಚಟ ಹತ್ತಿತು. ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಆದದ್ದು 1873ರಲ್ಲಿ. ಮರುವರ್ಷವೇ ಅವರು ಮಾಡಿದ ದೊಡ್ಡ ಕೆಲಸ ಪುಸ್ತಕ ಅಚ್ಚು ಹಾಕಿಸಿದ್ದು. 1859ರಿಂದ ಅಲ್ಲಿಯವರೆಗಿನ ಪ್ರದರ್ಶನಗಳಲ್ಲಿ ಗೆದ್ದ ನಾಲ್ಕು ಸಾವಿರಕ್ಕೂ ಜಾಸ್ತಿ ನಾಯಿಗಳ ದಾಖಲೆ ಅದರಲ್ಲಿತ್ತು. ಒಂದೇ ಹೆಸರಿನ ನಾಯಿ ಹತ್ತಾರು ಇರುತ್ತಿದ್ದವಂತೆ, ಯಾವುದು ಯಾವುದೆಂದು ತಿಳಿಯದೆ ಜಗಳ. ನನ್ನ ಇಬ್ಬರು ಮೋತಿಗಳು ನೆನಪಾದರು. ಇನ್ನೊಂದು ನೋಡು, ಸಲೂಕಿ. ನಮ್ಮ ನಾಯಿಯ ದೂರದ ನೆಂಟ ಅನ್ನುತ್ತಾರೆ, ನೋಡಿದರೂ ಹಾಗೇ ಕಾಣುತ್ತದೆ. ಅರಬರು ಸಾಕಿದ ನಾಯಿ ಅದು. ಫ್ಲಾರೆನ್ಸ್ ಆಮ್ಹರ್ಸ್ಟ್ ಅನ್ನುವ ಇಂಗ್ಲಿಷ್ ಹೆಣ್ಣುಮಗಳು 1895ರಲ್ಲಿ ಅದನ್ನು ಈಜಿಪ್ಟಿನಿಂದ ತರಿಸಿ ಸಾಕತೊಡಗಿದಳು. 1923ರಲ್ಲಿ ಅದಕ್ಕೊಂದು ಕ್ಲಬ್ ಆಯಿತು. ಆ ನಾಯಿಗೂ ಎರಡು ಹೆಸರಿದ್ದವು. ಅವರೇನು ಮಾಡಿದರು ಗೊತ್ತಾ? ಕ್ಲಬ್ಬಿಗೆ ‘ಸಲೂಕಿ ಅಥವಾ ಗೆಜೆಲ್ ಹೌಂಡ್’ ಅಂತಲೇ ಹೆಸರಿಟ್ಟರು. ನಡುವೆ ಒಂದು ‘ಅಥವಾ’ ಹಾಕಿ ಜಗಳ ಮುಗಿಸಿದರು. ನಮ್ಮ ಕಟ್ಟೆಯ ಮೇಲೆ ಆ ಅಥವಾ ಯಾರಿಗೂ ಹೊಳೆಯಲಿಲ್ಲ.

ನಿನ್ನ ನಾಯಿಗೆ ಚೆನ್ನೈ ಏನು ಹೆಸರಿಟ್ಟಿತು ಅನ್ನುವ ಸಿಟ್ಟು ನನಗೂ ಇತ್ತು. ಈಗಿಲ್ಲ. ಪುಸ್ತಕ ಇಟ್ಟವರು ಹೆಸರಿಟ್ಟರು. ನಮ್ಮಲ್ಲಿ ನಾಯಿ ಇತ್ತು, ಪುಸ್ತಕ ಇರಲಿಲ್ಲ. ಇದ್ದದ್ದನ್ನು ನಾನೇ ಕೆಡಿಸಿದೆ.

ಮೂರನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಆ ಅಜ್ಜಿಗೆ ಫೋನ್ ಮಾಡು. ಬಾಣನ ತಾಯಿ ಯಾರು, ಅವಳ ತಾಯಿ ಯಾರು, ಕೇಳಿ ಬರೆದುಕೊ. ಹುಟ್ಟಿದ ತಿಥಿ ಅಮಾವಾಸ್ಯೆಯ ಲೆಕ್ಕದಲ್ಲಿ ಹೇಳಿದರೆ ಪಂಚಾಂಗ ನೋಡಿ ತಾರೀಖು ಮಾಡು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅಂತಲೇ ಬರಿ. ನನ್ನ ಪುಸ್ತಕದಲ್ಲಿ ಆ ಶಬ್ದಕ್ಕೆ ಜಾಗ ಇರಲಿಲ್ಲ.

ಪಶುವೈದ್ಯೆ, ಧಾರವಾಡ:

ಮಾಸ್ತರ್ ಸರ್, ಹೇಳಿದ್ದು ಒಳ್ಳೆಯದಾಯಿತು. ಇಂಥ ಪುಸ್ತಕಗಳು ಎಷ್ಟೋ ಊರಲ್ಲಿ ಅಟ್ಟದ ಮೇಲಿವೆ.

ಬಾಣನ ಮಾಲೀಕರಿಗೆ ಒಂದು ಸ್ಪಷ್ಟನೆ, ಏಕೆಂದರೆ ಇದರಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ತಳಿಯ ನೋಂದಣಿ ಬೇರೆ, ನಾಯಿಯ ನೋಂದಣಿ ಬೇರೆ. ಹರಿಯಾಣದ ಕರ್ನಾಲ್‌ನಲ್ಲಿ ದೇಶದ ಜಾನುವಾರು ತಳಿಗಳನ್ನು ದಾಖಲು ಮಾಡುವ ರಾಷ್ಟ್ರೀಯ ಸಂಸ್ಥೆ ಇದೆ. ನಮ್ಮ ಅಮೃತಮಹಲ್, ಹಳ್ಳಿಕಾರ್ ಎಲ್ಲ ಅಲ್ಲಿನ ಪಟ್ಟಿಯಲ್ಲಿವೆ. ಎಮ್ಮೆ, ಕುರಿ, ಕೋಳಿ ಎಲ್ಲ ಆದ ಮೇಲೆ ನಾಯಿಗಳ ಸರದಿ ಬಂದಾಗ ಮೊದಲು ಸೇರಿದ್ದು ರಾಜಪಾಳಯಂ, ಚಿಪ್ಪಿಪಾರೈ ಮತ್ತು ಮುಧೋಳ. ಅಂದರೆ ಸರ್ಕಾರದ ದಾಖಲೆಯಲ್ಲಿ ತಳಿಯ ಹೆಸರು ಮುಧೋಳವೇ. ಆದರೆ ಇದರಿಂದ ಬಾಣನಿಗೆ ವಂಶಾವಳಿ ಸಿಗುವುದಿಲ್ಲ. ಅದನ್ನು ಕೊಡುವುದು ಕೆನಲ್ ಕ್ಲಬ್‌ಗಳು.

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. 2016ರಲ್ಲಿ ಸೇನೆಯ ಮೀರತ್ ಕೇಂದ್ರಕ್ಕೆ ತರಬೇತಿಗೆ ಹೋದ ಮರಿಗಳು ಅಲ್ಲಿಯವೇ. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ದೇಸಿ ತಳಿಗಳ ಹೆಸರು ಹೇಳಿದ ಮೇಲಂತೂ ಮರಿ ಕೇಳುವವರು ಜಾಸ್ತಿ ಆದರು, ಹೆಸರಿಗೆ ಮುಧೋಳ ಅನ್ನುವ ಮರಿ ಮಾರುವವರೂ ಜಾಸ್ತಿ ಆದರು. ಹಾಗಾಗಿ ಸರ್ ಹೇಳಿದ ತಂದೆಯ ಕಾಲಂ ಈಗಲೂ ಅಷ್ಟೇ ಮುಖ್ಯ. ಈಗ ಅನುಮಾನ ಬಂದರೆ ರಕ್ತ ಅಥವಾ ಕೆನ್ನೆಯ ಒಳಗಿನ ಒರೆಸು ತೆಗೆದು ಡಿಎನ್‌ಎ ನೋಡಬಹುದು. ಆದರೆ ಅದಕ್ಕೆ ತಂದೆ ಅನ್ನಿಸುವ ನಾಯಿಯದ್ದೂ ಬೇಕು.

ಮೈಕ್ರೋಚಿಪ್ ಹಾಕಿಸಿ. ಅಕ್ಕಿ ಕಾಳಿನಷ್ಟಿರುತ್ತದೆ, 15 ಅಂಕಿಯ ಸಂಖ್ಯೆ. ಇಬ್ಬರು ಮೋತಿಗಳ ತಲೆನೋವು ಅಲ್ಲಿಗೆ ಮುಗಿಯಿತು. ಹಾಕಿಸುವ ದಿನ ಎತ್ತರ, ತೂಕ ಎರಡನ್ನೂ ಬರೆದಿಡಿ. ಮತ್ತೆ ಬಾಣ ತೆಳ್ಳಗಿದ್ದಾನೆ ಅಂತ ಯಾರ ಮಾತಿಗೂ ತುಂಬ ತಿನ್ನಿಸಬೇಡಿ. ಎರಡು ಮೂರು ಪಕ್ಕೆಲುಬು ಕಾಣುವುದು ಈ ಜಾತಿಯಲ್ಲಿ ರೋಗವಲ್ಲ.

ಟೋಕಿಯೋದ ಗೋಕಾಕ್ ಹುಡುಗ:

ಮಾಸ್ತರ್ರೇ, ನಮಸ್ಕಾರ. ಪಕ್ಕದ ತಾಲ್ಲೂಕಿನವನೇ, ಈಗ ಜಪಾನಿನಲ್ಲಿ ಕೆಲಸ. ನಿಮ್ಮ ಗ್ರೇಹೌಂಡ್ ಕಥೆ ಓದಿದಾಗ ಇಲ್ಲಿನದ್ದೇ ನೆನಪಾಯಿತು.

ರೈಲ್ವೆ ಸ್ಟೇಷನ್ನಿನಲ್ಲಿ ಯಜಮಾನನಿಗೆ ಕಾದ ಹಚಿಕೊ ಎಲ್ಲರಿಗೂ ಗೊತ್ತು. ಅವನು ಅಕಿತಾ ಜಾತಿ, ಹುಟ್ಟಿದ್ದು ಒಡಾಟೆ ಊರಿನಲ್ಲಿ. ಆ ಊರಲ್ಲಿ ನಾಯಿ ಕಾಳಗದ ಹುಚ್ಚಿತ್ತು. ಗೆಲ್ಲಲಿ ಅಂತ ತೋಸಾ, ಮ್ಯಾಸ್ಟಿಫ್ ಅನ್ನುವ ಬೇರೆ ತಳಿಗಳನ್ನೆಲ್ಲ ಬೆರೆಸಿ ಮೂಲ ನಾಯಿಯೇ ಸಿಗದಂತಾಯಿತು. ಕಡೆಗೆ 1927ರಲ್ಲಿ ಒಡಾಟೆಯ ಮೇಯರ್ ಮುಂದೆ ನಿಂತು ಅಕಿತಾ ಉಳಿಸುವ ಸಂಘ ಕಟ್ಟಿದರು. ನಾಲ್ಕೇ ವರ್ಷದಲ್ಲಿ, 1931ರಲ್ಲಿ, ಸರ್ಕಾರ ಆ ನಾಯಿಯನ್ನು ದೇಶದ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು.

ಹೆಸರಿನ ಜಗಳ ಇವರನ್ನೂ ಬಿಡಲಿಲ್ಲ. ಯುದ್ಧದ ನಂತರ ಅಮೆರಿಕದ ಸೈನಿಕರು ಒಯ್ದ ನಾಯಿಗಳು ಅಲ್ಲಿ ಬೇರೆ ಥರ ಬೆಳೆದವು, ದಪ್ಪ ತಲೆ, ಕಪ್ಪು ಮೋರೆ. ಅವನ್ನೂ ಅಕಿತಾ ಅನ್ನಬೇಕೇ? ನಾಯಿ ತಳಿಗಳ ಅಂತರರಾಷ್ಟ್ರೀಯ ಸಂಸ್ಥೆ ಮೊದಲು ಅದಕ್ಕೆ ‘ಗ್ರೇಟ್ ಜಪನೀಸ್ ಡಾಗ್’ ಅಂದಿತು, ಆಮೇಲೆ ‘ಅಮೆರಿಕನ್ ಅಕಿತಾ’ ಅಂತ ಬದಲಿಸಿತು. ಊರಿನ ಸಂಘ ಈಗಲೂ ನಡೆಯುತ್ತಿದೆ. ನಿಮ್ಮ ಹಾಜರಿ ಪುಸ್ತಕ ಇನ್ನೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಫೋಟೊ ತೆಗೆದಿಡಿ.

ಬೆಂಗಳೂರು ಬೌಬೌ:

ಮಾಸ್ತರ್ರ ಬೆಲ್ಲದ ಪೆಂಟೆ ಓದಿ ಎರಡು ಸಲ ಎದ್ದು ಓಡಾಡಿದೆ. ನನ್ನ ಬಳಿಯ ಒಂದು ನಾಯಿಯ ಕಾಗದ ನೋಡಿದರೆ ತಾಯಿ ಸತ್ತ ಮೇಲೆ ಹುಟ್ಟಿದ್ದಾನೆ. ಚೆನ್ನಾಗಿ ಓಡುತ್ತಾನೆ, ಬಿಡಿ.

ಬಾಣನ ಮಾಲೀಕ:

ಎಲ್ಲರಿಗೂ ವಂದನೆ. ಸ್ವಲ್ಪ ತಡವಾಯಿತು, ಅಜ್ಜಿ ಫೋನ್ ಎತ್ತುವುದು ರಾತ್ರಿ ಎಂಟರ ಮೇಲೆ ಮಾತ್ರ.

ಬಾಣನ ತಾಯಿ ಚಂದ್ರಿ. ಅವಳ ತಾಯಿ ಹಳೇ ಚಂದ್ರಿ. ಅದಕ್ಕೂ ಹಿಂದಿನವಳು ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ಜೊತೆಗೆ ಬಂದವಳ ಮಗಳ ಕಡೆಯವಳು. ಹೆಸರು ಗೌರಿ. ಬಾಣ ಹುಟ್ಟಿದ್ದು ಕಾರಹುಣ್ಣಿಮೆಯ ಮರುದಿನ, “ಎತ್ತಿನ ಕೊಂಬಿನ ಬಣ್ಣ ಇನ್ನೂ ಆರಿರಲಿಲ್ಲ” ಅಂದರು. ಪಂಚಾಂಗ ನೋಡಿ ತಾರೀಖು ಬರೆದುಕೊಂಡೆ. ಆ ಸೂಲಿನಲ್ಲಿ ಆರು ಮರಿ, ಉಳಿದದ್ದು ನಾಲ್ಕು. ಇನ್ನು ಮೂರು ಯಾರ್ಯಾರ ಮನೆಗೆ ಹೋದವು ಅಂತಲೂ ಹೇಳಿದರು. ಒಂದು ಮಹಾಲಿಂಗಪುರದಲ್ಲಿದೆಯಂತೆ.

ತಂದೆ ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೇಲಿನ ಓಣಿಯ ಕರಿಯ ಇರಬೇಕು. ನಾ ನೋಡಿಲ್ಲ, ಆ ವಾರ ಮಗಳ ಬಾಣಂತನಕ್ಕೆ ಹೋಗಿದ್ದೆ. ಕರಿಯ ಅಂತಲೇ ಬರಕೋ, ಒಳ್ಳೇ ನಾಯಿ” ಅಂದರು.

ಒಂದು ಇನ್ನೂರು ಪುಟದ ಪುಸ್ತಕ ತಂದಿದ್ದೇನೆ. ಮೊದಲ ಸಾಲು ಬರೆದೆ. ಬಾಣ, ಗಂಡು, ಕಂದು. ತಾಯಿ: ಚಂದ್ರಿ. ತಂದೆ: ಗೊತ್ತಿಲ್ಲ.

ಮಾಸ್ತರ್ರೇ, ಬರುವ ಭಾನುವಾರ ಅಜ್ಜಿಯ ಊರಿಗೆ ಹೊರಟಿದ್ದೇನೆ, ಚಂದ್ರಿಯನ್ನೂ ಕರಿಯನನ್ನೂ ಅಳೆಯಲು. ನಿಮ್ಮ ಊರು ಯಾವುದು ಅಂತ ಇಲ್ಲಿ ಹೇಳಬೇಡಿ, ನನಗೆ ಬೇರೆಯಾಗಿ ತಿಳಿಸಿದರೆ ಆ ಹಾಜರಿ ಪುಸ್ತಕ ಒಮ್ಮೆ ನೋಡಬಹುದಾ?

ಘಟಪ್ರಭಾ ಮಾಸ್ತರ್:

ನೋಡಬಹುದು. ಆ ಐದು ಸಾಲಿನ ಮೇಲೆ ನಿನ್ನೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಟೇಪು ತರಬೇಡ, ಹಳೇದು ಇದೆ. ಬಾಣನನ್ನು ಕರೆದುಕೊಂಡು ಬಾ. ಹೊರಡುವ ಮುಂಚೆ ಫೋನ್ ಮಾಡು, ಊಟಕ್ಕೆ ಎಷ್ಟು ರೊಟ್ಟಿ ಅಂತ ಮನೆಯಲ್ಲಿ ಹೇಳಬೇಕು.